ಹೊರಗಟ್ಟುವ ಹಕ್ಕು ಯಾರದು? ಅಮ್ಮಾನ್ ಸಂದೇಶದ ಹಿನ್ನೆಲೆ, ಬೆಳವಣಿಗೆ ಮತ್ತು ಮಿತಿ

ಪೀಠಿಕೆ

2004ರ ನವೆಂಬರ್ 9ರ ಸಂಜೆ. ಹಿಜರಿ 1425ರ ರಂಜಾನಿನ ಇಪ್ಪತ್ತೇಳನೆಯ ರಾತ್ರಿ ಆಗಷ್ಟೇ ಶುರುವಾಗಿತ್ತು. ಕುರ್‌ಆನ್ ಇಳಿದುಬಂದ ರಾತ್ರಿಯೆಂದು ಬಹಳಷ್ಟು ಮುಸ್ಲಿಮರು ನಂಬುವ ಲೈಲತುಲ್ ಕದ್ರ್ ಅದು. ಜೋರ್ಡಾನಿನ ರಾಜಧಾನಿ ಅಮ್ಮಾನ್‌ನ ಹಾಶಿಮಿ ಮಸೀದಿಯಲ್ಲಿ ದೊರೆ ಎರಡನೆಯ ಅಬ್ದುಲ್ಲಾ ಅವರ ಸಮ್ಮುಖದಲ್ಲಿ ದೇಶದ ಮುಖ್ಯ ಧರ್ಮನ್ಯಾಯಾಧೀಶ ಶೇಖ್ ಇಜ್ಜುದ್ದೀನ್ ತಮೀಮಿ ಒಂದು ಹೇಳಿಕೆಯನ್ನು ಓದಿದರು. ಇಸ್ಲಾಂ ಎಂದರೆ ಏನು, ಏನಲ್ಲ. ಯಾವ ಕೃತ್ಯವನ್ನು ಅದರ ಹೆಸರಿನಲ್ಲಿ ಮಾಡಬಹುದು, ಯಾವುದನ್ನು ಮಾಡಲಾಗದು ಎಂಬುದನ್ನು ಆ ಹೇಳಿಕೆ ವಿವರಿಸುತ್ತಿತ್ತು. ಅರಬಿಯಲ್ಲಿ ಅದಕ್ಕೆ 'ರಿಸಾಲತು ಅಮ್ಮಾನ್' ಎಂದು ಹೆಸರು. ಅಮ್ಮಾನ್ ಸಂದೇಶ.

ಅದೇ ವಾರ ನೆರೆಯ ಇರಾಕಿನ ಫಲ್ಲೂಜಾದಲ್ಲಿ ಅಮೆರಿಕದ ಸೇನೆ ಬೀದಿಬೀದಿಯಲ್ಲಿ ಕಾದಾಡುತ್ತಿತ್ತು. ಅಲ್ಲಿ ಬೇರುಬಿಟ್ಟಿದ್ದ, ಒತ್ತೆಯಾಳುಗಳ ಕೊರಳು ಕೊಯ್ದು ಅದನ್ನು ಚಿತ್ರೀಕರಿಸಿ ಹಂಚುತ್ತಿದ್ದ ಗುಂಪಿನ ನಾಯಕ ಅಬೂ ಮುಸಾಬ್ ಅಲ್ ಜರ್ಖಾವಿ ಪರದೇಶದವನೇನಲ್ಲ. ಅಮ್ಮಾನ್‌ನ ಮಗ್ಗುಲಲ್ಲೇ ಇರುವ ಜರ್ಖಾ ಊರಿನವ. 1999ರಲ್ಲಿ ಅಬ್ದುಲ್ಲಾ ಪಟ್ಟಕ್ಕೆ ಬಂದಾಗ ಸಾರಿದ ಸಾಮೂಹಿಕ ಕ್ಷಮಾದಾನದಲ್ಲಿ ಸೆರೆಮನೆಯಿಂದ ಹೊರಬಂದಿದ್ದವ. ಹೀಗಾಗಿ ಮಸೀದಿಯಲ್ಲಿ ಓದಿದ ಆ ಮಾತುಗಳು ಜಗತ್ತಿಗೆ ಎಷ್ಟು ಉದ್ದೇಶಿತವೋ ಮನೆಯವರಿಗೂ ಅಷ್ಟೇ ಉದ್ದೇಶಿತವಾಗಿದ್ದವು.

ಮುಸ್ಲಿಂ ಜಗತ್ತಿನ ಆಳುವವರು ಮಿತಮಾರ್ಗಕ್ಕೆ ಕರೆಕೊಟ್ಟದ್ದು ಅದೇ ಮೊದಲಲ್ಲ, ಕೊನೆಯೂ ಅಲ್ಲ. ಪಾಕಿಸ್ತಾನದ ಪರ್ವೇಜ್ ಮುಷರಫ್ 'ಪ್ರಬುದ್ಧ ಮಿತವಾದ'ದ ಮಾತೆತ್ತಿದ್ದು ಅದೇ ಕಾಲದಲ್ಲಿ. ಈಜಿಪ್ಟಿನ ಅಧ್ಯಕ್ಷ ಸಿಸಿ ಸುನ್ನಿ ವಿದ್ಯಾಪೀಠ ಅಲ್ ಅಜ್ಹರ್‌ನ ವಿದ್ವಾಂಸರ ಮುಂದೆ ಧಾರ್ಮಿಕ ಚಿಂತನೆಯಲ್ಲಿ ಕ್ರಾಂತಿಯಾಗಬೇಕೆಂದದ್ದು, ಸೌದಿಯ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ 2017ರಲ್ಲಿ ಮಿತವಾದಿ ಇಸ್ಲಾಮಿಗೆ ಮರಳುತ್ತೇವೆಂದದ್ದು ಆಮೇಲಿನವು. ಇವುಗಳಲ್ಲಿ ಹೆಚ್ಚಿನವು ಭಾಷಣಗಳಾಗಿಯೇ ಉಳಿದವು. ಅಮ್ಮಾನ್ ಸಂದೇಶ ಮಾತ್ರ ಧರ್ಮಶಾಸ್ತ್ರದ ಒಂದು ದಸ್ತಾವೇಜಾಗಿ ಬೆಳೆಯಿತು. ಸದಾಶಯದ ಉಪದೇಶವನ್ನು ಅಷ್ಟಕ್ಕೇ ಬಿಟ್ಟು, 'ಒಬ್ಬ ಮುಸ್ಲಿಮನನ್ನು ಮುಸ್ಲಿಮನಲ್ಲ ಎನ್ನುವ ಹಕ್ಕು ಯಾರಿಗಿದೆ?' ಎಂಬ ಒಂದೇ ಒಂದು ಶಾಸ್ತ್ರೀಯ ಪ್ರಶ್ನೆಯನ್ನು ಅದು ಹಿಡಿದದ್ದೇ ಇದಕ್ಕೆ ಕಾರಣ. ಅದರ ಮಿತಿ ಹುಟ್ಟುವುದೂ ಇದೇ ಆಯ್ಕೆಯಿಂದ ಎಂಬುದು ಈ ಲೇಖನದ ವಾದ.

ತಕ್ಫೀರ್: ಹಳೆಯ ಆಯುಧ

ಮುಸ್ಲಿಮನೆನಿಸಿಕೊಂಡವನನ್ನು 'ಕಾಫಿರ್' ಎಂದು ಘೋಷಿಸುವುದಕ್ಕೆ ಅರಬಿಯಲ್ಲಿ ತಕ್ಫೀರ್ ಎನ್ನುತ್ತಾರೆ. ನಮ್ಮಲ್ಲಿನ ಬಹಿಷ್ಕಾರ ಎಂಬ ಮಾತು ಇದಕ್ಕೆ ಹತ್ತಿರದ್ದು, ಆದರೆ ಪೂರ್ತಿ ಸರಿಹೊಂದದು. ಬಹಿಷ್ಕಾರಕ್ಕೊಳಗಾದವನಿಗೆ ಬೆಂಕಿ ನೀರು ನಿಲ್ಲುತ್ತಿತ್ತು. ತಕ್ಫೀರಿಗೆ ಒಳಗಾದವನು, ಅತಿರೇಕದ ವ್ಯಾಖ್ಯಾನದಲ್ಲಿ, ಪ್ರಾಣಕ್ಕೂ ಆಸ್ತಿಗೂ ಇದ್ದ ರಕ್ಷಣೆಯನ್ನೇ ಕಳೆದುಕೊಳ್ಳುತ್ತಾನೆ.

ಇದರ ಮೂಲ ಕ್ರಿ.ಶ. 657ರ ಸಿಫ್ಫೀನ್ ಕದನದಷ್ಟು ಹಳೆಯದು. ಖಲೀಫ ಅಲಿ ಮತ್ತು ಸಿರಿಯಾದ ಮುಆವಿಯಾ ನಡುವಿನ ಆ ಯುದ್ಧ ಮಧ್ಯಸ್ಥಿಕೆಗೆ ತಿರುಗಿದಾಗ ಅಲಿಯ ಪಾಳಯದ ಒಂದು ಗುಂಪು ಸಿಡಿದು ಹೊರನಡೆಯಿತು. ತೀರ್ಪು ಕೊಡುವವನು ದೇವರೊಬ್ಬನೇ, ಅದನ್ನು ಮನುಷ್ಯರಿಗೆ ಒಪ್ಪಿಸಿದವನು ಧರ್ಮ ಬಿಟ್ಟವನು ಎಂಬುದು ಅವರ ಹಟ. 'ಹೊರನಡೆದವರು' ಎಂಬ ಅರ್ಥದಲ್ಲೇ ಅವರಿಗೆ ಖವಾರಿಜ್ ಎಂಬ ಹೆಸರು ಬಂತು. 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯ ಮೇಲೆ ಕತ್ತಿ ಎತ್ತಿದವನು ಆ ಗುಂಪಿನವನೇ.

ಮುಂದಿನ ಶತಮಾನಗಳ ಶಾಸ್ತ್ರಕಾರರು ಈ ಆಯುಧವನ್ನು ಒರೆಯಲ್ಲಿಡಲು ಬಹಳ ಶ್ರಮಪಟ್ಟರು. ಇಮಾಂ ಗಜಾಲಿ (ಮರಣ 1111) ನಂಬಿಕೆ ಅಪನಂಬಿಕೆಗಳ ಗಡಿಯನ್ನು ವಿವೇಚಿಸಲೆಂದೇ ಒಂದು ಪ್ರತ್ಯೇಕ ಕೃತಿ ಬರೆದರು. ಒರೆಯಿಂದ ಅದು ಮತ್ತೆ ಹೊರಬಂದದ್ದು ಇಪ್ಪತ್ತನೆಯ ಶತಮಾನದ ಈಜಿಪ್ಟಿನಲ್ಲಿ. ಮುಸ್ಲಿಂ ಸಮಾಜಗಳೇ ಇಸ್ಲಾಂಪೂರ್ವದ ಅಜ್ಞಾನಕ್ಕೆ, ಅಂದರೆ ಜಾಹಿಲಿಯ್ಯಕ್ಕೆ, ಮರಳಿವೆ ಎಂದ ಸಯ್ಯದ್ ಕುತುಬ್‌ರನ್ನು 1966ರಲ್ಲಿ ಗಲ್ಲಿಗೇರಿಸಲಾಯಿತು. ಕುತುಬ್ ಸೇರಿದ್ದ ಮುಸ್ಲಿಂ ಬ್ರದರ್‌ಹುಡ್‌ನ ಮುಖ್ಯಸ್ಥ ಹಸನ್ ಹುದೈಬಿ ಹೆಸರಿನಲ್ಲೇ, ನಾವು ಬೋಧಕರು, ನ್ಯಾಯಾಧೀಶರಲ್ಲ ಎಂಬ ಅರ್ಥದ ಪುಸ್ತಕ ಹೊರಬಂದು ಈ ವಾದಕ್ಕೆ ಉತ್ತರ ಕೊಟ್ಟಿತು. ಅದು ಎಲ್ಲರ ಕಿವಿಗೂ ಬೀಳಲಿಲ್ಲ. 1977ರಲ್ಲಿ ಶುಕ್ರಿ ಮುಸ್ತಫಾನ ಗುಂಪು ಮಾಜಿ ಸಚಿವರೂ ವಿದ್ವಾಂಸರೂ ಆಗಿದ್ದ ಮುಹಮ್ಮದ್ ಧಹಬಿ ಅವರನ್ನು ಅಪಹರಿಸಿ ಕೊಂದಿತು. ಪತ್ರಿಕೆಗಳು ಆ ಗುಂಪಿಗಿಟ್ಟ ಹೆಸರಲ್ಲೇ ತಕ್ಫೀರ್ ಎಂಬ ಪದವಿತ್ತು.

ಹಾಶಿಮಿ ಮನೆತನದ ನೆನಪು

ಜೋರ್ಡಾನಿನ ದೊರೆಗಳು ಪ್ರವಾದಿಯ ವಂಶಸ್ಥರೆಂದು ಹೇಳಿಕೊಳ್ಳುವ ಹಾಶಿಮಿಗಳು. ಮೊದಲ ಮಹಾಯುದ್ಧದ ಹೊತ್ತಿಗೆ ಮೆಕ್ಕಾದ ಅಧಿಕಾರ ಅವರ ಕೈಯಲ್ಲಿತ್ತು. 1924–25ರಲ್ಲಿ ಇಬ್ನ್ ಸೌದ್ ಹಿಜಾಜನ್ನು ಗೆದ್ದಾಗ ಅದು ಕೈತಪ್ಪಿತು. ಅವನ ಮುಂಚೂಣಿಯ ಪಡೆಯಾದ ಇಖ್ವಾನ್, ತಮ್ಮ ಕಟ್ಟುನಿಟ್ಟಿನ ವಹಾಬಿ ಪಂಥವನ್ನು ಒಪ್ಪದ ಮುಸ್ಲಿಮರನ್ನು ಮುಸ್ಲಿಮರೆಂದೇ ಎಣಿಸುತ್ತಿರಲಿಲ್ಲ. 1924ರ ಆಗಸ್ಟ್‌ನಲ್ಲಿ ಆ ಪಡೆ ಮರುಭೂಮಿ ದಾಟಿ ಅಮ್ಮಾನ್‌ನ ಹೊರವಲಯದವರೆಗೂ ನುಗ್ಗಿತ್ತು. ಈಗಿನ ದೊರೆಯ ಮುತ್ತಜ್ಜ ಮೊದಲನೆಯ ಅಬ್ದುಲ್ಲಾನ ಹೊಸ ರಾಜ್ಯ ಅಂದು ಉಳಿದದ್ದು ಬ್ರಿಟಿಷರ ವಿಮಾನ ಮತ್ತು ಕವಚವಾಹನಗಳಿಂದ.

ಆದ್ದರಿಂದ ತಕ್ಫೀರಿನ ವಿರುದ್ಧ ಅಮ್ಮಾನ್‌ನಿಂದ ಎದ್ದ ದನಿಯನ್ನು 2001ರ ನಂತರ ಅಮೆರಿಕವನ್ನು ಓಲೈಸಲು ಹೂಡಿದ ತಂತ್ರವೆಂದಷ್ಟೇ ಓದಿದರೆ ಅರ್ಧ ಚರಿತ್ರೆ ಕೈಬಿಟ್ಟಂತಾಗುತ್ತದೆ. ಅಮೆರಿಕದ ನೆರವು ನೆಚ್ಚಿಕೊಂಡ ಸಣ್ಣ ದೇಶಕ್ಕೆ ಅಂಥ ಒತ್ತಡ ಇದ್ದದ್ದು ನಿಜ. ಆದರೆ ತೈಲವಿಲ್ಲದ, ನೀರಿಗೂ ಬರವಿರುವ ಆ ರಾಜ್ಯದ ದೊರೆಯ ಕೈಯಲ್ಲಿ ಉಳಿದ ದೊಡ್ಡ ಬಂಡವಾಳ ವಂಶದ ಧಾರ್ಮಿಕ ಗೌರವವೇ. ಹೊರಗಟ್ಟುವ ಅಧಿಕಾರವನ್ನು ಸಿಕ್ಕಸಿಕ್ಕವರು ಕೈಗೆತ್ತಿಕೊಂಡರೆ ಮೊದಲು ಕುಸಿಯುವುದು ಆ ಬಂಡವಾಳ.

ಮೂರು ಪ್ರಶ್ನೆ, ಮೂರು ಉತ್ತರ

2004ರ ಹೇಳಿಕೆ ತಾನಾಗಿ ಹೆಚ್ಚು ದೂರ ಹೋಗುತ್ತಿರಲಿಲ್ಲ. ದೊರೆಯ ಮಾತಿಗೆ ಶಾಸ್ತ್ರದ ಬಲವಿಲ್ಲ ಎಂಬುದನ್ನು ಅರಮನೆಯೂ ಅರಿತಿತ್ತು. ಮುಂದಿನ ಹೆಜ್ಜೆಯ ಜಾಣ್ಮೆ ಇರುವುದು ಇಲ್ಲಿ. ದೊರೆಯ ಸೋದರಸಂಬಂಧಿ, ರಾಜಕುಮಾರ ಘಾಜಿ ಬಿನ್ ಮುಹಮ್ಮದ್ ಅವರ ಮುಂದಾಳತನದಲ್ಲಿ ಮೂರು ಪ್ರಶ್ನೆಗಳನ್ನು ಬೇರೆಬೇರೆ ಪಂಥಗಳ 24 ಹಿರಿಯ ವಿದ್ವಾಂಸರಿಗೆ ಕಳಿಸಲಾಯಿತು. ಮುಸ್ಲಿಂ ಯಾರು? ತಕ್ಫೀರ್ ಸಲ್ಲುತ್ತದೆಯೇ? ಫತ್ವಾ ಕೊಡುವ ಅರ್ಹತೆ ಯಾರಿಗಿದೆ?

ಕೈರೋದ ಅಲ್ ಅಜ್ಹರ್‌ನ ಮುಖ್ಯಸ್ಥ ಮುಹಮ್ಮದ್ ಸಯ್ಯದ್ ತಂತಾವಿ, ಇರಾಕಿನ ಶಿಯಾ ಧರ್ಮಗುರು ಅಲಿ ಸಿಸ್ತಾನಿ, ಕತಾರ್‌ನಲ್ಲಿ ನೆಲೆಸಿದ್ದ ಯೂಸುಫ್ ಖರದಾವಿ ಉತ್ತರ ಬರೆದರು. ಒಂದೇ ಚಾಪೆಯ ಮೇಲೆ ಕೂರದ ಇವರ ಉತ್ತರಗಳು ಒಂದೇ ಕಡತದಲ್ಲಿ ಕೂತವು. ಅದರ ಆಧಾರದ ಮೇಲೆ 2005ರ ಜುಲೈ 4ರಿಂದ 6ರವರೆಗೆ ಅಮ್ಮಾನ್‌ನಲ್ಲಿ 50 ದೇಶಗಳ ಸುಮಾರು 200 ವಿದ್ವಾಂಸರು ಸೇರಿ ಮೂರು ಅಂಶಗಳನ್ನು ಒಪ್ಪಿದರು.

ಮೊದಲನೆಯದು, ಎಂಟು ಮಜ್ಹಬ್‌ಗಳಲ್ಲಿ ಯಾವುದನ್ನು ಅನುಸರಿಸುವವನೂ ಮುಸ್ಲಿಮನೇ. ಅವನ ಪ್ರಾಣ, ಮಾನ, ಆಸ್ತಿಗೆ ಕೈ ಹಚ್ಚುವಂತಿಲ್ಲ. ಮಜ್ಹಬ್ ಎಂದರೆ ಆಚರಣೆಯ ಶಾಸ್ತ್ರಸಂಪ್ರದಾಯ. ಕನ್ನಡನಾಡಿನಲ್ಲೇ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪದ್ಧತಿಯವರು, ಘಟ್ಟದ ಮೇಲಿನ ಬಹುಪಾಲು ಮುಸ್ಲಿಮರು ಹನಫಿಗಳು. ಇವೆರಡರ ಜತೆಗೆ ಮಾಲಿಕಿ ಮತ್ತು ಹಂಬಲಿ ಸೇರಿದರೆ ಸುನ್ನಿಗಳ ನಾಲ್ಕು ಶಾಲೆಗಳು. ಅಮ್ಮಾನ್ ಪಟ್ಟಿ ಇವುಗಳ ಪಕ್ಕದಲ್ಲಿ ಶಿಯಾಗಳ ಜಾಫರಿ ಮತ್ತು ಜೈದಿ, ಒಮಾನಿನಲ್ಲಿ ಬಹುವಾಗಿರುವ ಇಬಾದಿ, ಹೆಚ್ಚುಕಡಿಮೆ ನಶಿಸಿಹೋದ ಜಾಹಿರಿಯನ್ನೂ ಇಟ್ಟಿತು. ಅಶ್ಅರಿ ತತ್ತ್ವವನ್ನು ಒಪ್ಪುವವರು, ನಿಜವಾದ ಸೂಫಿಗಳು, ನಿಜವಾದ ಸಲಫಿಗಳು ಇವರನ್ನೂ ಹೊರಗಟ್ಟುವಂತಿಲ್ಲ ಎಂದಿತು. ಎರಡನೆಯ ಅಂಶ, ಶಾಲೆಗಳ ನಡುವೆ ಭಿನ್ನತೆಗಿಂತ ಸಮಾನತೆ ಹೆಚ್ಚು. ಮೂರನೆಯದು, ನಿಗದಿತ ವಿದ್ಯೆ ಮತ್ತು ವಿಧಾನವಿಲ್ಲದೆ ಯಾರೂ ಫತ್ವಾ ಕೊಡಬಾರದು.

ಜಾಫರಿ ಶಾಲೆಗೆ ಅಲ್ ಅಜ್ಹರ್‌ನ ಮಹ್ಮೂದ್ ಶಲ್ತೂತ್ 1959ರಲ್ಲೇ ಮನ್ನಣೆ ಕೊಟ್ಟಿದ್ದರು. ಆದರೆ ಅದು ಒಬ್ಬ ವಿದ್ವಾಂಸರ ಫತ್ವಾ. ಅಮ್ಮಾನ್‌ನದು ಪಂಥ ಪಂಥಗಳ ನಡುವಣ ಒಡಂಬಡಿಕೆ. 2005ರ ಡಿಸೆಂಬರ್‌ನಲ್ಲಿ ಮೆಕ್ಕಾದಲ್ಲಿ ನಡೆದ ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಯ ವಿಶೇಷ ಶೃಂಗಸಭೆ ಇದನ್ನು ಎತ್ತಿಹಿಡಿಯಿತು. ಮರುವರ್ಷ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯೂ ಒಪ್ಪಿತು. ಅಷ್ಟರಲ್ಲಿ ಸಹಿಗಳ ಸಂಖ್ಯೆ 500 ದಾಟಿತ್ತು. ಹಾಶಿಮಿಗಳು ಕಳೆದುಕೊಂಡಿದ್ದ ಮೆಕ್ಕಾದಲ್ಲಿ, ಸೌದಿ ದೊರೆಯ ಆತಿಥ್ಯದಲ್ಲಿ, ಹಾಶಿಮಿಗಳ ದಸ್ತಾವೇಜಿಗೆ ಒಪ್ಪಿಗೆ ಸಿಕ್ಕಿತ್ತು.

ಒಂದು ವರ್ಷ, ಹತ್ತು ವರ್ಷ

2005ರ ನವೆಂಬರ್ 9. ಸಂದೇಶ ಓದಿದ ದಿನಕ್ಕೆ ಸರಿಯಾಗಿ ಒಂದು ವರ್ಷ. ಅಂದು ರಾತ್ರಿ ಅಮ್ಮಾನ್‌ನ ಮೂರು ಹೋಟೆಲುಗಳಲ್ಲಿ ಜರ್ಖಾವಿಯ ಆತ್ಮಾಹುತಿ ದಾಳಿಕೋರರು ತಮ್ಮನ್ನು ಸ್ಫೋಟಿಸಿಕೊಂಡರು. ಸುಮಾರು 60 ಮಂದಿ ಸತ್ತರು. ಒಂದು ಹೋಟೆಲಿನಲ್ಲಿ ಮದುವೆ ನಡೆಯುತ್ತಿತ್ತು. ವಧೂವರರಿಬ್ಬರ ತಂದೆಯರೂ ಅಲ್ಲೇ ಮಡಿದರು. ಮೃತರಲ್ಲಿ ಸಿರಿಯಾ ಮೂಲದ ಚಿತ್ರನಿರ್ದೇಶಕ ಮುಸ್ತಫಾ ಅಕ್ಕಾದ್ ಮತ್ತು ಅವರ ಮಗಳೂ ಇದ್ದರು. ಪ್ರವಾದಿಯ ಜೀವನವನ್ನು, ಪ್ರವಾದಿಯನ್ನು ತೆರೆಯ ಮೇಲೆ ತೋರಿಸದೆಯೇ, ಸಿನಿಮಾ ಮಾಡಿ ಮುಸ್ಲಿಂ ಜಗತ್ತಿಗೆಲ್ಲ ಪರಿಚಿತರಾಗಿದ್ದವರು ಅವರು. 1976ರ ಆ ಚಿತ್ರದ ಅರಬಿ ಹೆಸರು 'ಅರ್ರಿಸಾಲ', ಅಂದರೆ ಸಂದೇಶ. ತಾವೇ ನಿಜವಾದ ಮುಸ್ಲಿಮರೆಂದು ಬಂದವರ ಕೈಯಲ್ಲಿ ಆ ಚಿತ್ರದ ಕರ್ತೃ ಸತ್ತರು.

ಸಾಜಿದಾ ಅಲ್ ರಿಶಾವಿ ಎಂಬ ಇರಾಕಿ ಹೆಂಗಸು ಸೊಂಟಕ್ಕೆ ಕಟ್ಟಿಕೊಂಡಿದ್ದ ಸ್ಫೋಟಕ ಮಾತ್ರ ಸಿಡಿಯಲಿಲ್ಲ. ಅವಳಿಗೆ ಮರಣದಂಡನೆಯಾಯಿತು, ಆದರೆ ಜಾರಿಯಾಗದೆ ವರ್ಷಗಳೇ ಕಳೆದವು. 2014ರ ಡಿಸೆಂಬರ್‌ನಲ್ಲಿ ಜರ್ಖಾವಿಯ ಉತ್ತರಾಧಿಕಾರಿಗಳಾದ ಐಸಿಸ್ ಜೋರ್ಡಾನಿನ ಪೈಲಟ್ ಮುಆಜ್ ಕಸಾಸ್ಬಾನನ್ನು ಸೆರೆಹಿಡಿದು, ಅವಳ ಬಿಡುಗಡೆಗೂ ಬೇಡಿಕೆಯಿಟ್ಟಿತು. 2015ರ ಫೆಬ್ರವರಿ 3ರಂದು ಅವನನ್ನು ಪಂಜರದಲ್ಲಿ ಜೀವಂತ ಸುಟ್ಟ ದೃಶ್ಯ ಹೊರಬಿತ್ತು. ಮರುದಿನ ಬೆಳಗಾಗುವ ಮುನ್ನ ಜೋರ್ಡಾನ್ ರಿಶಾವಿಯನ್ನು ಗಲ್ಲಿಗೇರಿಸಿತು.

ಅಮ್ಮಾನ್ ತತ್ತ್ವಕ್ಕೆ ನಿಜವಾದ ಸತ್ವಪರೀಕ್ಷೆ ಎದುರಾದದ್ದು ಈ ತಿಂಗಳುಗಳಲ್ಲಿ. ಎಲ್ಲರನ್ನೂ ಕಾಫಿರರೆನ್ನುವವರನ್ನೇ ಕಾಫಿರರು ಎನ್ನಬಹುದೇ? 2014ರ ಡಿಸೆಂಬರ್‌ನಲ್ಲಿ ಅಲ್ ಅಜ್ಹರ್ ಇದಕ್ಕೆ ಒಪ್ಪಲಿಲ್ಲ. ಪಾಪ ಎಷ್ಟೇ ಘೋರವಾಗಿರಲಿ, ನಂಬಿಕೆಯುಳ್ಳವನನ್ನು ಹೊರಗಟ್ಟಲಾಗದು ಎಂಬುದು ಅದರ ನಿಲುವು. ಟೀವಿಗಳಲ್ಲಿ, ಪತ್ರಿಕೆಗಳಲ್ಲಿ ಟೀಕೆ ಸುರಿಯಿತು. ಕಟುಕರ ಮೇಲೆ ಇದೆಂಥ ಮೃದುತ್ವ ಎಂದರು. ಶಾಸ್ತ್ರದ ದೃಷ್ಟಿಯಿಂದ ಅದು ಮೃದುತ್ವವಾಗಿರಲಿಲ್ಲ. ತಕ್ಫೀರಿಗಳ ಮೇಲೆ ತಕ್ಫೀರ್ ಹೊರಿಸಿದರೆ ಅವರ ಆಯುಧಕ್ಕೇ ಮಾನ್ಯತೆ ಕೊಟ್ಟಂತೆ. ಆದರೆ ಪೈಲಟ್‌ನನ್ನು ಸುಟ್ಟ ಸುದ್ದಿ ಬಂದಾಗ ಅದೇ ಅಲ್ ಅಜ್ಹರ್‌ನ ಮುಖ್ಯಸ್ಥ ಅಹ್ಮದ್ ತಯ್ಯಿಬ್ ಕೊಲೆಗಾರರಿಗೆ ಶಿಲುಬೆ, ಅಂಗಚ್ಛೇದದಂಥ ಶಿಕ್ಷೆ ತಕ್ಕದ್ದೆಂದರು. ಹೆಸರು ಕಿತ್ತುಕೊಳ್ಳುವುದಕ್ಕೆ ಅಮ್ಮಾನ್ ತಡೆ ಹಾಕಿತ್ತು. ಶಿಕ್ಷೆಯ ಕ್ರೌರ್ಯದ ವಿಚಾರವನ್ನು ಅದು ಮುಟ್ಟಿರಲಿಲ್ಲ.

ಸಂದೇಶದ ಮಿತಿಗಳು

ಮೊದಲ ಮಿತಿ ರಾಜಕಾರಣದ್ದು. ಸಂದೇಶ ಹೊರಬಿದ್ದ ಮರುತಿಂಗಳೇ, 2004ರ ಡಿಸೆಂಬರ್‌ನಲ್ಲಿ, ದೊರೆ ಅಬ್ದುಲ್ಲಾ ಅಮೆರಿಕದ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಇರಾನಿನಿಂದ ಲೆಬನಾನಿನವರೆಗೆ 'ಶಿಯಾ ಅರ್ಧಚಂದ್ರ'ವೊಂದು ಹಬ್ಬುತ್ತಿದೆ ಎಂದು ಎಚ್ಚರಿಸಿದರು. ಅದು ಇರಾನಿನ ಪ್ರಭಾವದ ಬಗೆಗಿನ ಮಾತು ಎಂದು ಆಮೇಲೆ ವಿವರಿಸಿದರೂ ಶಿಯಾಗಳ ಮನಸ್ಸು ನೊಂದಿತ್ತು. ಏಳು ತಿಂಗಳ ಬಳಿಕ ಜಾಫರಿ ಶಾಲೆ ಅಮ್ಮಾನ್ ಪಟ್ಟಿಯಲ್ಲಿ ಸೇರಿದ್ದನ್ನು ಈ ಹಿನ್ನೆಲೆಯಲ್ಲೂ ನೋಡಬೇಕು. ಶಾಸ್ತ್ರಕ್ಕೆ ಸೋದರನಾದವನು ರಾಜನೀತಿಗೆ ಶಂಕಿತನಾಗಿಯೇ ಉಳಿದ.

ಎರಡನೆಯದು, ಪಟ್ಟಿಯೆಂದರೆ ಅದಕ್ಕೊಂದು ಹೊರಗೂ ಇರುತ್ತದೆ. ತಮ್ಮನ್ನು ಮುಸ್ಲಿಮರೆಂದುಕೊಂಡರೂ ಹಲವರು ಹಾಗೆಂದು ಒಪ್ಪದ ಅಹ್ಮದಿಯಾ ಪಂಥದವರ ಹೆಸರು ಮೂರು ಅಂಶಗಳಲ್ಲಿ ಎಲ್ಲೂ ಇಲ್ಲ. ನಿಜವಾದ ಸೂಫಿ, ನಿಜವಾದ ಸಲಫಿ ಎನ್ನುವಾಗ ನಿಜವನ್ನು ಅಳೆಯುವವರು ಯಾರೆಂಬುದನ್ನೂ ಹೇಳಿಲ್ಲ.

ಮೂರನೆಯದು ಇನ್ನೂ ಆಳದ್ದು. ಫತ್ವಾ ಅರ್ಹರಿಗಷ್ಟೇ ಎಂಬ ನಿಯಮ ಜರ್ಖಾವಿಯಂಥವರ ಬಾಯಿ ಕಟ್ಟಲು ಬೇಕಾಗಿತ್ತು. ಆದರೆ ಅರ್ಹತೆಗೆ ಮುದ್ರೆ ಒತ್ತುವುದು ಆಧುನಿಕ ರಾಜ್ಯ. ಜೋರ್ಡಾನಿನಲ್ಲಿ ಮಸೀದಿಯ ಮಿಂಬರ್ ಏರಿ ಶುಕ್ರವಾರದ ಪ್ರವಚನ ಕೊಡಲು ಸರ್ಕಾರದ ಅನುಮತಿ ಬೇಕು. ಹೀಗೆ ಅತಿರೇಕಿಯ ಕೈಯಿಂದ ಕಸಿದ ಬೀಗದಕೈ ಬಂದು ಸೇರಿದ್ದು ಅರಮನೆಯ ಸೊಂಟಕ್ಕೆ.

ಇದರ ಫಲ ಕಂಡದ್ದು 2016ರಲ್ಲಿ. ಹುಟ್ಟಿನಿಂದ ಕ್ರೈಸ್ತರೂ ಎಡಪಂಥೀಯರೂ ಆದ ಲೇಖಕ ನಾಹಿದ್ ಹತ್ತರ್ ಐಸಿಸ್ ಉಗ್ರರ ಸ್ವರ್ಗಕಲ್ಪನೆಯನ್ನು ಲೇವಡಿ ಮಾಡುವ ವ್ಯಂಗ್ಯಚಿತ್ರವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಧರ್ಮನಿಂದನೆಯ ಆರೋಪ ಹೊರಿಸಿ ಅವರನ್ನು ಬಂಧಿಸಿದ್ದು ಯಾವುದೋ ಉಗ್ರ ಗುಂಪಲ್ಲ, ಸರ್ಕಾರವೇ. ಸೆಪ್ಟೆಂಬರ್ 25ರಂದು ವಿಚಾರಣೆಗೆಂದು ಬಂದಾಗ ಅಮ್ಮಾನ್‌ನ ನ್ಯಾಯಾಲಯದ ಮೆಟ್ಟಿಲ ಮೇಲೆಯೇ ಒಬ್ಬ ಗುಂಡಿಟ್ಟು ಕೊಂದ. ಸರ್ಕಾರ ಹತ್ಯೆಯನ್ನು ಖಂಡಿಸಿತು. ಮರುವರ್ಷ ಕೊಲೆಗಾರನನ್ನು ಗಲ್ಲಿಗೇರಿಸಿತು. ಆದರೆ ಹತ್ತರ್ ಅವರನ್ನು ಆ ಮೆಟ್ಟಿಲಿಗೆ ಕರೆಸಿದ ಕಾನೂನು ಹಾಗೆಯೇ ಉಳಿಯಿತು.

ಉಪಸಂಹಾರ

2018ರ ಮಾರ್ಚ್ 1ರಂದು ದೆಹಲಿಯ ವಿಜ್ಞಾನ ಭವನದಲ್ಲಿ ದೊರೆ ಅಬ್ದುಲ್ಲಾ ಇಸ್ಲಾಮಿನ ಪರಂಪರೆ ಮತ್ತು ಮಿತಮಾರ್ಗದ ಕುರಿತು ಮಾತನಾಡಿದರು. ಪ್ರಧಾನಿ ನರೇಂದ್ರ ಮೋದಿಯವರೂ ವೇದಿಕೆಯಲ್ಲಿದ್ದರು. ಅಷ್ಟರಲ್ಲಿ ಅಮ್ಮಾನ್ ಸಂದೇಶ ರಾಜತಾಂತ್ರಿಕ ಭೇಟಿಗಳಲ್ಲಿ ಜೋರ್ಡಾನಿನ ಗುರುತಿನ ಚೀಟಿಯಂತಾಗಿತ್ತು. ಅದನ್ನು ಅಷ್ಟಕ್ಕೇ ಇಳಿಸುವುದು ನ್ಯಾಯವಲ್ಲ. ಸಿಫ್ಫೀನ್‌ನಿಂದ ಹರಿದುಬಂದ ಜಗಳದಲ್ಲಿ ಸುನ್ನಿ, ಶಿಯಾ, ಇಬಾದಿ ವಿದ್ವಾಂಸರು ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. 2014ರಲ್ಲಿ ಐಸಿಸ್‌ಗೆ ಎದುರಾಗಿ ನಿಂತವರಿಗೆ ಖವಾರಿಜರ ಭಾಷೆಯನ್ನಾಡದೆಯೇ ಉತ್ತರಿಸಲು ನೆಲೆ ಒದಗಿಸಿದ ಪಠ್ಯಗಳಲ್ಲಿ ಅದೂ ಒಂದು.

ಆದರೆ ಇದನ್ನು ಸುಧಾರಣೆ ಎನ್ನುವುದಾದರೆ ಅದು ಯಾವ ಬಗೆಯದು ಎಂಬುದನ್ನೂ ಹೇಳಬೇಕು. ಮನೆಯೊಳಗಿನವರನ್ನು ಹೊರದಬ್ಬುವಂತಿಲ್ಲ ಎಂದು ಅಮ್ಮಾನ್ ತೀರ್ಮಾನಿಸಿತು. ಒಳಗಿದ್ದವನು ಮನೆಯ ಯಜಮಾನನನ್ನು ಪ್ರಶ್ನಿಸಬಹುದೇ, ಆ ಮನೆಗೆ ಸೇರದ ಹತ್ತರ್‌ನಂಥವನು ಅಂಗಳದಲ್ಲಿ ನಿಂತು ನಗಬಹುದೇ ಎಂದು ಅದು ಕೇಳಲಿಲ್ಲ. ಪ್ರಶ್ನೆಗಳನ್ನು ಆರಿಸಿದವನು ದೊರೆ. ಉತ್ತರ ಬರೆದ ವಿದ್ವಾಂಸರೂ ಆ ಮೂರರಾಚೆಗೆ ನಾಲ್ಕನೆಯದನ್ನು ಸೇರಿಸಲಿಲ್ಲ.