ದೋಷಯುಕ್ತ ಪಾದರಕ್ಷೆ: ಅಂಗಡಿಯಿಂದ ಹಣ ಹಿಂಪಡೆಯುವ ಬಗೆ

ಹೊಸದಾಗಿ ಕೊಂಡ ಚಪ್ಪಲಿ ಅಥವಾ ಬೂಟಿನ ಅಟ್ಟೆ ಕೆಲವೇ ದಿನಗಳಲ್ಲಿ ಕಿತ್ತುಬಂದಾಗ, ಬಿಲ್ಲಿನಲ್ಲಿ ಮುದ್ರಿಸಿರುವ "ಮಾರಿದ ಸರಕನ್ನು ಹಿಂಪಡೆಯುವುದಿಲ್ಲ" ಎಂಬ ಸಾಲನ್ನು ನೋಡಿ ಅನೇಕ ಗ್ರಾಹಕರು ಸುಮ್ಮನಾಗುತ್ತಾರೆ. ಆದರೆ ದೋಷಯುಕ್ತ ಸರಕಿನ ವಿಷಯದಲ್ಲಿ ಕಾನೂನು ನೀಡಿರುವ ಹಕ್ಕನ್ನು ಇಂತಹ ಸಾಲು ಕಸಿದುಕೊಳ್ಳಲಾರದು. ಈ ಕುರಿತು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಮುಖ್ಯ ಅಂಶಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

1. ದೋಷ ಎಂದರೇನು?

ಕಾನೂನಿನ ಪ್ರಕಾರ ಅಥವಾ ಮಾರಾಟಗಾರನು ಹೇಳಿಕೊಂಡ ಪ್ರಕಾರ ಸರಕಿನಲ್ಲಿ ಇರಬೇಕಾದ ಗುಣಮಟ್ಟದಲ್ಲಿನ ಯಾವುದೇ ಕೊರತೆಯು ದೋಷವೆನಿಸುತ್ತದೆ. ಅಂಟು ಬಿಡುವುದು, ಹೊಲಿಗೆ ಬಿಚ್ಚುವುದು, ಸ್ವಲ್ಪ ಬಳಕೆಗೇ ಅಟ್ಟೆ ಸೀಳುವುದು, ಬಾರು ಕಿತ್ತುಹೋಗುವುದು, ಚರ್ಮವೆಂದು ಹೇಳಿ ರೆಕ್ಸಿನ್ ಮಾರುವುದು ಇದಕ್ಕೆ ಉದಾಹರಣೆಗಳು. ಬಹುಕಾಲದ ಬಳಕೆಯಿಂದಾದ ಸವೆತ, ಗ್ರಾಹಕರ ಅಜಾಗರೂಕತೆಯಿಂದಾದ ಹಾನಿ ಅಥವಾ ಕೊಂಡ ನಂತರ ಬಣ್ಣ ಹಿಡಿಸದಿರುವುದು ದೋಷವಲ್ಲ. ದೋಷವಿಲ್ಲದ ಸರಕಿನ ಬದಲಾವಣೆಯು ಅಂಗಡಿಯ ನಿಯಮಕ್ಕೆ ಒಳಪಟ್ಟಿರುತ್ತದೆ.

2. ಹಣ ಹಿಂದಿರುಗಿಸುವ ಅವಧಿ

ದೋಷಯುಕ್ತ ಸರಕನ್ನು ಹಿಂಪಡೆದು, ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯನ್ನು ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ (ಕಲಂ 2(47)). ಬಿಲ್ಲು ನೀಡದಿರುವುದೂ ಅದೇ ಕಲಮಿನ ವ್ಯಾಪ್ತಿಗೆ ಬರುತ್ತದೆ.

ಆನ್‌ಲೈನ್ ಖರೀದಿಗೂ ರಕ್ಷಣೆಯಿದೆ. ದೋಷಯುಕ್ತವಾದ ಅಥವಾ ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲವೆಂದು 2020ರ ಇ-ವಾಣಿಜ್ಯ ನಿಯಮಗಳು ತಿಳಿಸುತ್ತವೆ.

3. ಗ್ರಾಹಕರು ಅನುಸರಿಸಬೇಕಾದ ಕ್ರಮ

ಅ) ದೋಷ ಕಂಡ ಕೂಡಲೇ ಬಳಕೆ ನಿಲ್ಲಿಸಿ, ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು.
ಆ) ಅಂಗಡಿಗೆ ತೋರಿಸುವ ಮುನ್ನ ಬೇರೆಡೆ ಹೊಲಿಸಬಾರದು, ಅಂಟು ಹಾಕಿಸಬಾರದು. ರಿಪೇರಿಯಾದ ನಂತರ ಮೂಲ ದೋಷವನ್ನು ರುಜುವಾತುಪಡಿಸುವುದು ಕಷ್ಟ.
ಇ) ಬಿಲ್ಲು ಮತ್ತು ಪೆಟ್ಟಿಗೆಯನ್ನು ಜೋಪಾನವಾಗಿಡಬೇಕು. ಬಿಲ್ಲು ಕಳೆದಿದ್ದಲ್ಲಿ ಕಾರ್ಡ್ ಅಥವಾ ಯುಪಿಐ ಪಾವತಿಯ ವಿವರವನ್ನು ಪುರಾವೆಯಾಗಿ ನೀಡಬಹುದು.
ಈ) ಅಂಗಡಿಯವರಿಗೆ ಲಿಖಿತ ಮನವಿ ಸಲ್ಲಿಸಿ, ಪ್ರತಿಯ ಮೇಲೆ ಸಹಿ ಮತ್ತು ದಿನಾಂಕ ಪಡೆಯಬೇಕು. ನಿರಾಕರಿಸಿದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಬೇಕು.
ಉ) ಪಾದರಕ್ಷೆಯನ್ನು ಅಂಗಡಿಗೆ ಒಪ್ಪಿಸುವಾಗ ಸ್ವೀಕೃತಿ ಪಡೆಯದೆ ಬಿಟ್ಟುಬರಬಾರದು.

4. ದೂರು ಸಲ್ಲಿಕೆ

ಅಂಗಡಿಯವರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸಹಾಯವಾಣಿಯು ರಾಜಿಯ ಮೂಲಕ ಪರಿಹಾರಕ್ಕೆ ಪ್ರಯತ್ನಿಸುತ್ತದೆ. ಆದೇಶ ನೀಡುವ ಅಧಿಕಾರ ಅದಕ್ಕಿರುವುದಿಲ್ಲ.

ಮುಂದಿನ ಹಂತದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಅಂಗಡಿಯು ಬೇರೆ ಊರಿನಲ್ಲಿದ್ದರೂ, ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ನೀಡಲು 2019ರ ಅಧಿನಿಯಮದಲ್ಲಿ ಅವಕಾಶವಿದೆ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ವ್ಯಾಜ್ಯ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು.

5. ದೊರೆಯಬಹುದಾದ ಪರಿಹಾರ

ದೋಷವು ಮೇಲ್ನೋಟಕ್ಕೆ ನಿರ್ಧಾರವಾಗದಿದ್ದಲ್ಲಿ ಆಯೋಗವು ಸರಕನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬಹುದು. ದೋಷ ರುಜುವಾತಾದಲ್ಲಿ ಅದನ್ನು ಸರಿಪಡಿಸಲು, ಹೊಸ ಸರಕು ನೀಡಲು ಅಥವಾ ಬೆಲೆ ಹಿಂದಿರುಗಿಸಲು ಆದೇಶಿಸಬಹುದು. ಗ್ರಾಹಕರಿಗಾದ ನಷ್ಟಕ್ಕೆ ಪರಿಹಾರ ಮತ್ತು ದೂರಿನ ಖರ್ಚನ್ನೂ ಕೊಡಿಸಬಹುದು (ಕಲಂ 39). ಆದೇಶದಿಂದ ಬಾಧಿತರಾದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಕೆಲವು ನೂರು ರೂಪಾಯಿಗಳ ಚಪ್ಪಲಿಗಾಗಿ ದೂರು ಏಕೆಂಬ ಸಂಕೋಚ ಬೇಡ. ಶುಲ್ಕದ ವಿನಾಯಿತಿ ನೀಡಿರುವುದೇ ಸಣ್ಣ ಮೊತ್ತದ ದೂರುದಾರರ ಅನುಕೂಲಕ್ಕಾಗಿ. ಖರೀದಿಯ ಸಮಯದಲ್ಲಿ ಬಿಲ್ಲನ್ನು ತಪ್ಪದೇ ಕೇಳಿ ಪಡೆಯುವಂತೆ ಕೋರಲಾಗಿದೆ.