ಛಡಿ ಹೋತು, ಮುಂದೇನು? | ನಮ್ಮ ಶಾಲೆ ಇತಿಹಾಸ, ಭಾಗ 5

1️⃣
ಹೈಸ್ಕೂಲಿನ್ಯಾಗ ಒಬ್ಬ ಸಣ್ಣ ಹುಡುಗನ್ನ ನಾಕು ಮಂದಿ ದಿನಾ ಸತಾಯಿಸ್ತಿದ್ರು. ನಾನು ಹೊಡೀಲಿಲ್ಲ, ಬಿಡಿಸ್ಲೂ ಇಲ್ಲ. ನೋಡ್ಕೋತ ನಿಂತೆ. ಸರ್‌ಗೆ ಹೇಳಿದ್ರ ಛಡಿ ಹೊರಗ ಬರ್ತಿತ್ತು, ಮರುದಿನ ಆ ಹುಡುಗಗ ಡಬಲ್ ಬೀಳ್ತಿತ್ತು. ಇವತ್ತಿಗೂ ಅದು ಮನಸ್ಸಿನ್ಯಾಗ ಐತಿ.

2️⃣
ಹಿಂದಿನ ಕೂಲಿಮಠಗಳಲ್ಲಿ ಛಡಿ ಇಲ್ಲದೆ ಪಾಠವೇ ಇರಲಿಲ್ಲ. ಹುಡುಗರನ್ನು ಹಗ್ಗದಿಂದ ತೊಲೆಗೆ ಜೋತುಬಿಡುವ 'ಕೋದಂಡ' ಅನ್ನೋ ಶಿಕ್ಷೆಯೂ ಇತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಕಾನೂನು ಬಂತು, ಎಲ್ಲಾ ಸರಿ ಆತೇನು? 2022ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ನರಗುಂದ ತಾಲ್ಲೂಕಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕನ ಹಲ್ಲೆ ಪ್ರಕರಣದಲ್ಲಿ ನಾಲ್ಕನೇ ತರಗತಿಯ ಬಾಲಕ ಜೀವ ಕಳೆದುಕೊಂಡ. 💔

3️⃣
ಈಗ ಸ್ವಲ್ಪ ದೂರ ಹೋಗೋಣ. 1993ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾಕ್ಸನ್ ಕಾಟ್ಜ್ ಮತ್ತು ಜೊತೆಗಾರರು ಒಂದು ಹೊಸ ಪ್ರಯೋಗ ಶುರು ಮಾಡಿದರು. ಹೊಡೆಯುವವ, ಹೊಡೆತ ತಿನ್ನುವವ ಇಬ್ಬರ ಜೊತೆ ಮಾತ್ರ ಮಾತಾಡಿದರೆ ಸಾಲದು. ನೋಡ್ತಾ ನಿಂತವರಿಗೂ ಕಲಿಸಬೇಕು ಅಂದರು. ಮುಂದೆ ಸ್ಕಾಟ್ಲೆಂಡಿನ ಶಾಲೆಗಳು ಇದನ್ನು ತಗೊಂಡವು. ಅಲ್ಲಿ ದೊಡ್ಡ ತರಗತಿಯವರು ಸಣ್ಣವರಿಗೆ ಕಲಿಸ್ತಾರೆ. ತರಬೇತಿ ಪಡೆದ ಶಿಕ್ಷಕರು ಬೆನ್ನಿಗೆ ಇರ್ತಾರೆ.

4️⃣
ನಮ್ಮಲ್ಲಿ? 2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಸರ್, ಒಬ್ಬ ಟೀಚರ್, ತರಬೇತಿ ಪಡೆದು 'ಆರೋಗ್ಯ ರಾಯಭಾರಿ' ಆಗಬೇಕು. ಕ್ಲಾಸ್ ಮಾನಿಟರ್‌ಗಳು ಅವರ 'ಸಂದೇಶವಾಹಕರು'. 11 ವಿಷಯಗಳಲ್ಲಿ ಹಿಂಸೆಯಿಂದ ಸುರಕ್ಷತೆಯೂ ಒಂದು. ಇದು ಬರೀ ಕಬ್ಬಿಣದ ಗುಳಿಗೆ ಕಾರ್ಯಕ್ರಮ ಅಲ್ಲ!

5️⃣
ಮಾನಿಟರ್ ಅಂದ್ರ ಪೊಲೀಸ್ ಅಲ್ಲ. ಜಗಳದ ನಡುವೆ ಜಿಗಿಯೋದೂ ಬ್ಯಾಡ. ಹುಡುಗನ್ನ ಹೆಸರು ಹಿಡಿದು ಆಚೆ ಕರೀಬಹುದು, ಆಮೇಲೆ ಅವನ ಪಕ್ಕ ಕೂಡಬಹುದು, ನಂಬಿಕೆಯ ಶಿಕ್ಷಕರಿಗೆ ಹೇಳಬಹುದು. ಆದರೆ ಆ ಶಿಕ್ಷಕರು ಹೇಳಿದವರ ಹೆಸರು ಬಯಲು ಮಾಡದೆ, ಛಡಿ ಎತ್ತದೆ ಕೇಳೋದನ್ನ ಕಲಿತಿರಬೇಕು. ಇಲ್ಲಾಂದ್ರ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ. ನಾನು ಬಿಡದಂಗ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಗೆಳೆಯರೇ, ನಿಮ್ಮ ಶಾಲೆಯ ಆ ಇಬ್ಬರು ಯಾರು? ನಾಳೆ ಪ್ರಾರ್ಥನೆ ಮುಗಿದ ಮ್ಯಾಲೆ ಕೇಳ್ರಿ. ಶಾಲೆಯೊಳಗ ಹೇಳಾಕ ಆಗದಿದ್ರ ಮಕ್ಕಳ ಸಹಾಯವಾಣಿ 1098 ಐತಿ. ಸೇವ್ ಮಾಡ್ಕೊಳ್ರಿ. 🙏

#ನಮ್ಮಗದಗ #ಶಾಲೆಇತಿಹಾಸ #ನೋಡ್ತಾನಿಲ್ಲಬ್ಯಾಡ