ಬಣ್ಣ ಹಚ್ಚಿದವರು, ಬಂಡವಾಳ ಹೂಡಿದವರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಹರಟುವಂಥವು. ಆದಕಾರಣ ಇಲ್ಲಿನ ಕಲಾಚರಿತ್ರೆಯನ್ನು ಬರೆಯಹೊರಟವನು ಜಿಲ್ಲೆಯ ಗಡಿಕಲ್ಲಿನ ಬಳಿ ಲೇಖನಿಯನ್ನು ನಿಲ್ಲಿಸಲಾರನು.

ಕಂಪನಿ ನಾಟಕಗಳ ಆದಿಕಾಲದಲ್ಲಿ ಸೀತೆ, ದ್ರೌಪದಿ, ಸದಾರಮೆಯರೆಲ್ಲರೂ ಮೀಸೆ ಬೋಳಿಸಿದ ಪುರುಷರೇ ಆಗಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣು ರಂಗವನ್ನೇರುವುದು ಅಪಕೀರ್ತಿಯೆಂಬ ಭಾವನೆ ಬಲವಾಗಿದ್ದ ಆ ಕಾಲದಲ್ಲಿ, ಬಣ್ಣ ಹಚ್ಚಿದ ಸ್ತ್ರೀಗೆ ಲೋಕಾಪವಾದವನ್ನು ಸಹಿಸುವ ಎದೆಗಾರಿಕೆಯೂ, ಧ್ವನಿವರ್ಧಕದ ನೆರವಿಲ್ಲದೆ ಹಾರ್ಮೋನಿಯಂ ತಬಲಗಳ ಸದ್ದನ್ನು ಮೀರಿ ಕೊನೆಯ ಸಾಲಿಗೆ ಮುಟ್ಟುವ ಕಂಠವೂ ಏಕಕಾಲದಲ್ಲಿ ಬೇಕಾಗಿದ್ದವು. ಗುಬ್ಬಿ ಕಂಪನಿಯ ಬಿ. ಜಯಮ್ಮನವರಲ್ಲಿ ಎರಡೂ ಇದ್ದವು. ಆದರೆ 1931ರಲ್ಲಿ ಅವರು ಚಿತ್ರರಂಗವನ್ನು ಪ್ರವೇಶಿಸಿದ್ದು, ಆ ಕಂಠವನ್ನು ಕೇಳಿಸಲಾರದ ಮೂಕಿಚಿತ್ರದ ಮೂಲಕ. 1934ರ ಮಾರ್ಚ್ 3ರಂದು ತೆರೆಕಂಡ ಪ್ರಥಮ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ನಾಯಕಿ ತ್ರಿಪುರಾಂಬ, ಆ ಕನ್ನಡ ಚಿತ್ರ ಸಿದ್ಧವಾದದ್ದು ದೂರದ ಕೊಲ್ಹಾಪುರದ ಸ್ಟುಡಿಯೋದಲ್ಲಿ.

ಈ ಪರಂಪರೆಗೆ ಗಡಿಸೀಮೆಯ ಸಂಬಂಧವೂ ಉಂಟು. ಕೋಲಾರ ಜಿಲ್ಲೆಗೆ ಹೊಂದಿಕೊಂಡ ಕುಪ್ಪಂ ಪ್ರಾಂತದ ಬಿ.ಆರ್. ಪಂತುಲು ಅವರೂ, ಚನ್ನಪಟ್ಟಣ ಸೀಮೆಯ ಎಂ.ವಿ. ರಾಜಮ್ಮನವರೂ ಮಹಮದ್ ಪೀರರ ಚಂದ್ರಕಲಾ ನಾಟಕ ಮಂಡಳಿಯಲ್ಲಿ ಪಳಗಿದವರು. ಆ ಮಂಡಳಿಯ ಸಾಮಾಜಿಕ ನಾಟಕ ‘ಸಂಸಾರ ನೌಕ’ 1936ರಲ್ಲಿ ಚಿತ್ರವಾದಾಗಲೂ ಇಬ್ಬರೂ ಅದರಲ್ಲಿ ಅಭಿನಯಿಸಿದರು. ಕಿರೀಟ, ಭುಜಕೀರ್ತಿಗಳ ಪೌರಾಣಿಕ ವೈಭವವಿಲ್ಲದೆ, ನೆರೆಮನೆಯ ಗೃಹಿಣಿಯಂತೆ ಕಾಣಿಸಿಕೊಂಡು ಪ್ರೇಕ್ಷಕರ ಮನಸ್ಸನ್ನು ಗೆಲ್ಲಬೇಕಾದ ಪಾತ್ರ ರಾಜಮ್ಮನವರದು. ಅದಕ್ಕಿಂತಲೂ ಹಿರಿದಾದ ಹೆಜ್ಜೆಯನ್ನು ಅವರು 1943ರಲ್ಲಿ ಇಟ್ಟರು: ‘ರಾಧಾರಮಣ’ವನ್ನು ತಾವೇ ನಿರ್ಮಿಸಿದರು. ಸಂಬಳಕ್ಕೆ ಹಾಡುತ್ತಿದ್ದವಳು ಸಂಬಳ ಕೊಡುವ ಯಜಮಾನಿತಿಯಾದಳು, ಜಿ.ವಿ. ಅಯ್ಯರ್, ಬಾಲಕೃಷ್ಣರಂಥವರಿಗೆ ಬೆಳ್ಳಿತೆರೆಯ ಬಾಗಿಲು ತೆರೆದದ್ದು ಆ ಚಿತ್ರದಿಂದಲೇ. ಹದಿನೈದು ವರ್ಷಗಳ ತರುವಾಯ ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಈ ಜೋಡಿ ಮಕ್ಕಳ ಅನಾದರಕ್ಕೆ ಗುರಿಯಾದ ವೃದ್ಧ ದಂಪತಿಗಳಾಗಿ ಮತ್ತೆ ಕಾಣಿಸಿಕೊಂಡಿತು.

ರಾಜಮ್ಮನವರು ಹಾಕಿಕೊಟ್ಟ ಆ ಮೇಲ್ಪಂಕ್ತಿಯನ್ನು ಮುಂದುವರಿಸಿದವರಲ್ಲಿ ಮುಳಬಾಗಿಲು ಸೀಮೆಯ ಮಗಳು ಸೌಂದರ್ಯ ಒಬ್ಬರು. ತೆಲುಗು ಚಿತ್ರರಂಗದಲ್ಲಿ ಗಳಿಸಿದ ಕೀರ್ತಿಯನ್ನೂ ಧನವನ್ನೂ ಅವರು ಕನ್ನಡದ ‘ದ್ವೀಪ’ಕ್ಕೆ ತಂದು ಸುರಿದರು, ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ, ತಾವೇ ನಿರ್ಮಿಸಿ ನಟಿಸಿದ ಆ ಚಿತ್ರ ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. 2004ರ ವಿಮಾನ ದುರಂತ ಅವರನ್ನು ಅಕಾಲದಲ್ಲಿ ಕರೆದೊಯ್ದಿತು.

ನಟಿಯರ ಚರಿತ್ರೆಯನ್ನು ಬರೆಯುವವರು ಅವರ ರೂಪವನ್ನೂ ಕಂಠವನ್ನೂ ಹೊಗಳಿ ವಿರಮಿಸುವುದುಂಟು. ಹಣ ಹೂಡಿ ನಷ್ಟದ ಭೀತಿಯನ್ನು ತಲೆಯ ಮೇಲೆ ಹೊತ್ತ ಅವರ ಸಾಹಸ ಅದಕ್ಕಿಂತ ಹಿರಿದು. ಮಾಸ್ತಿ, ಡಿ.ವಿ.ಜಿ.ಯವರ ಹೆಸರು ಹೇಳಿ ಹೆಮ್ಮೆಪಡುವ ಕೋಲಾರ ಜಿಲ್ಲೆ ನಿರ್ಮಾಪಕಿ ಸೌಂದರ್ಯರ ಹೆಸರನ್ನೂ ತನ್ನ ಇತಿಹಾಸದಲ್ಲಿ ಬರೆದುಕೊಳ್ಳತಕ್ಕದ್ದು.